ಏನಪಾ ಅಂದ್ರ...

ಸಭೆಯಲ್ಲಿ ಭಾಷಣಕಾರರು ಎದ್ದು ನಿಂತು, 'ಎರಡು ಮಾತು ಹೇಳಿ ಮುಗಿಸುತ್ತೇನೆ' ಎಂದರೆ ಸಾಕು, ಅನುಭವಸ್ಥ ಶ್ರೋತೃಗಳು ಬೆನ್ನಿಗೆ ಗೋಡೆಯ ಆಸರೆಯನ್ನು ಹುಡುಕತೊಡಗುತ್ತಾರೆ. ಆ ಎರಡು ಮಾತಿಗೆ ಒಂದು ತಾಸಾದರೂ ಬೇಕೆಂಬುದು ಅವರಿಗೆ ಗೊತ್ತು. ಹಾನಗಲ್ಲಿನ ಸತ್ಕಾರ ಸಮಾರಂಭವಾಗಲಿ, ಶಿಗ್ಗಾಂವಿಯ ಶಾಲಾ ವಾರ್ಷಿಕೋತ್ಸವವಾಗಲಿ, ಆ ತಾಸಿನಲ್ಲಿ ದೊಡ್ಡ ಪಾಲನ್ನು ನುಂಗುವ ನುಡಿ ಒಂದೇ: 'ಏನಪಾ ಅಂದ್ರ'. ವಾಕ್ಯದ ಆರಂಭಕ್ಕೆ ಅದು, ನಡುವೆ ಅದು, ಹೇಳಬೇಕಾದುದು ಮರೆತಾಗಲಂತೂ ಅದೇ. ಎದುರಿಗೆ ಮಹಿಳಾ ಮಂಡಳದ ಸದಸ್ಯೆಯರೇ ತುಂಬಿ ಕುಳಿತಿದ್ದರೂ ಭಾಷಣಕಾರರ ಪಾಲಿಗೆ ಅವರೆಲ್ಲರೂ 'ಅಪ್ಪ'ಗಳೇ!

ಆಡುಮಾತಿಗೆ ಉಸಿರಾಡಲು ಇಂಥದೊಂದು ತಂಗುದಾಣ ಬೇಕೆಂದು ಕ್ಷಮಿಸಬಹುದು. 'ತಿರುಗಿ ವಾಪಸ್ ಬಂದ' ಎಂದು ಒಬ್ಬನನ್ನೇ ಎರಡು ಸಲ ಕರೆತರುವವರನ್ನೂ ಕ್ಷಮಿಸಬಹುದು. ಮೂವರ ಸೀಟಿನಲ್ಲಿ ನಾಲ್ವರು ಕುಳಿತಿರುವಾಗ ಐದನೆಯವರು ಬಂದು 'ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ' ಎನ್ನುವುದನ್ನು ಮಾತ್ರ, ಹಿರೇಕೆರೂರಿನಿಂದ ಹಾವೇರಿಯವರೆಗೆ ತುದಿಗಾಲಲ್ಲಿ ಕುಳಿತು ಬಂದವರು ಕ್ಷಮಿಸಲಾರರು.

ಬರವಣಿಗೆಯ ತಪ್ಪಿಗೆ ಇಂಥ ನೆಪವೂ ಇಲ್ಲ. ಪೇಟೆಯ ಸರ್ಕಲ್ಲಿನಲ್ಲಿ ನೇತಾಡುವ ಬ್ಯಾನರುಗಳನ್ನು ನೋಡಿರಿ. 'ಹಾರ್ಧಿಕ ಶುಭಾಷಯಗಳು!' ಹೃದಯಕ್ಕೆ ಸಂಬಂಧಿಸಿದ್ದು ಹಾರ್ದಿಕ. ಶುಭವಾದ ಆಶಯವು ಶುಭಾಶಯ. ದಕಾರಕ್ಕೆ ಹೊಟ್ಟೆ ಸೀಳಿದರೆ ಹೃದಯಕ್ಕೆ ತೂಕ ಹೆಚ್ಚುವುದಿಲ್ಲ. ಮಹಾಪ್ರಾಣವಿದ್ದರೆ ಮಾತು ಘನವಾಗುವುದೆಂಬ ಭ್ರಮೆಯೇ ಇದಕ್ಕೆ ಮೂಲ. 'ಸದ್ಯ'ವು 'ಸಧ್ಯ'ವಾದದ್ದೂ, 'ಉಚ್ಚಾರ'ವೇ 'ಉಚ್ಛಾರ'ವಾಗಿ ತನ್ನ ಉಚ್ಚಾರವನ್ನು ಕೆಡಿಸಿಕೊಂಡದ್ದೂ ಹೀಗೆಯೇ. 'ಜಾತ್ಯಾತೀತ', 'ಕೋಟ್ಯಾಧೀಶ'ಗಳ ದೋಷ ಬೇರೆ ಬಗೆಯದು. ಜಾತಿ ಮತ್ತು ಅತೀತ ಕೂಡಿದರೆ ಜಾತ್ಯತೀತ; ಕೋಟಿ ಮತ್ತು ಅಧೀಶ ಕೂಡಿದರೆ ಕೋಟ್ಯಧೀಶ. ನಡುವೆ ದೀರ್ಘಕ್ಕೆ ಎಡೆಯೇ ಇಲ್ಲ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಇಂಥ ಸಂದೇಹಗಳನ್ನು ವರ್ಷಗಟ್ಟಲೆ ಬಿಡಿಸಿ ಹೇಳಿದರು. ಬ್ಯಾನರು ಬರೆಯಿಸುವವರ ಕಿವಿಗೆ ಅದು ತಲುಪಿದಂತೆ ಕಾಣದು.

ಇವು ನಿಜವಾದ ತಪ್ಪುಗಳು. ಆದರೆ ಈ ನಾಲ್ಕು ತಾಲೂಕುಗಳ ಜನರನ್ನು ಹೆಚ್ಚು ನೋಯಿಸಿದ್ದು ಬೇರೆಯದೇ ಸಂಗತಿ: ತಪ್ಪಲ್ಲದ್ದನ್ನು ತಪ್ಪೆನ್ನುವುದು.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಕಚೇರಿಯ ಮಾತು ಇಲ್ಲಿಗೆ ಮರಾಠಿ, ಪಾರಸಿಗಳ ಹಾದಿಯಿಂದ ಬಂದಿತು. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾದಾಗ ಇಲ್ಲಿಯ ಮಾಮಲೇದಾರನೂ ಮೈಸೂರಿನ ಅಮಲ್ದಾರನೂ, ಇಲ್ಲಿಯ ಕುಲಕರ್ಣಿಯೂ ಅಲ್ಲಿಯ ಶಾನುಭೋಗನೂ ಒಬ್ಬರನ್ನೊಬ್ಬರು ಬೆರಗಿನಿಂದ ನೋಡಿದರು. ನಾಡು ಕೂಡಿತು, ಶಬ್ದಗಳು ಇನ್ನೂ ಕೂಡುತ್ತಲೇ ಇವೆ.

ಬೆಂಗಳೂರಿನವರು ಮರ್ಯಾದೆಯಿಂದಲೇ 'ತಿಂಡಿ ಆಯಿತೇ?' ಎಂದು ಕೇಳುತ್ತಾರೆ. ಶಿಗ್ಗಾಂವಿಯ ಹಿರಿಯರ ಕಿವಿಗೆ ತಿಂಡಿಯೆಂದರೆ ಮೈಯ ತುರಿಕೆ, ಜಗಳದ ಚಪಲ. 'ನಿನಗ ತಿಂಡಿ ಐತೇನ?' ಎಂಬುದು ಇಲ್ಲಿ ತೋಳೇರಿಸುವ ಮುನ್ನ ಕೇಳುವ ಪ್ರಶ್ನೆ. ಮುಂಜಾನೆ ತಿನ್ನುವುದು ನಾಷ್ಟಾ. ಲಾವಣಿಯ ಕಥೆಯೂ ಹಾಗೆಯೇ. ಹಾಡುವ ಲಾವಣಿ ಇಲ್ಲಿಯೂ ಉಂಟು. ಆದರೆ 'ಹೊಲಾ ಲಾವಣಿಗೆ ಹಾಕೀನ್ರಿ' ಎಂದವನು ಹಾಡಿನ ಮಾತನ್ನಾಡುತ್ತಿಲ್ಲ, ಹೊಲವನ್ನು ಗೇಣಿಗೆ ಕೊಟ್ಟ ಸುದ್ದಿಯನ್ನು ಹೇಳುತ್ತಿದ್ದಾನೆ.

ಇದು ನಗೆಯಲ್ಲಿಯೇ ಮುಗಿಯುವಂತಿದ್ದರೆ ಬಾಧಕವಿರಲಿಲ್ಲ. ಆದರೆ ಮನೆಯ ಟ್ರಂಕಿನಲ್ಲಿರುವ ಹಳೆಯ ಕಾಗದಗಳೆಲ್ಲ ಈ ಮಾತಿನಲ್ಲಿಯೇ ಇವೆ. ಮೈಸೂರು ಸೀಮೆಯ ಪಹಣಿ ಇಲ್ಲಿ ಉತಾರ; ಪಾಲುಪತ್ರ ಇಲ್ಲಿ ವಾಟ್ನಿ; ಭೂಮಿಯ ಅಳತೆ ಇಲ್ಲಿ ಮೋಜಣಿ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರವನ್ನು ಸೇರಿದ ಮೇಲೂ ರೈತನು ಕಿಟಕಿಯ ಮುಂದೆ ನಿಂತು ಕೇಳುವುದು 'ಒಂದ್ ಉತಾರ ಕೊಡ್ರಿ' ಎಂದೇ. ಅದರಲ್ಲಿ 'ಬೋಜಾ' ಎಂಬ ಮಾತುಂಟು. ಅಕ್ಷರಶಃ ಹೊರೆ, ಕಾಗದದಲ್ಲಿ ಆ ಹೊಲದ ಮೇಲಿರುವ ಸಾಲದ ದಾಖಲೆ. 'ಬೋಜಾ ಕಮ್ಮಿ ಮಾಡಿಸಿದೆ' ಎಂದರೆ ಸಾಲ ಸ್ವಲ್ಪ ಇಳಿಯಿತೆಂದಲ್ಲ, ದಾಖಲೆಯಿಂದ ಹೊರೆಯನ್ನೇ ತೆಗೆಯಿಸಿದೆನೆಂದು. ದೂರದ ಊರಿನಲ್ಲಿ ಓದಿ ಬಂದ ಮೊಮ್ಮಗನು ಈ ಮಾತುಗಳನ್ನು ಹಳ್ಳಿಯ ಗೊಡ್ಡು ನುಡಿಯೆಂದು ತಳ್ಳಿಹಾಕಿ ಖರೀದಿಗೆ ಹೊರಟರೆ, ಹೊಲದ ಜೊತೆಗೆ ಮಾರುವವನ ಸಾಲವನ್ನೂ ಕೊಂಡು ಬಂದಾನು. ಅಜ್ಜನಿಗೆ ಅಕ್ಷರ ಬಾರದಿದ್ದರೂ ಬೋಜಾ ಎಂದರೇನೆಂಬುದು ಗೊತ್ತಿತ್ತು.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (1819–1889) ತಮ್ಮ ಪದಗಳಿಗೆ ಬೇಕಾದ ಮಾತನ್ನು ಯಾವ ಭಾಷೆಯ ಬಾಗಿಲಿಂದ ಬಂದರೂ ಒಳಗೆ ಕರೆದುಕೊಂಡವರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇದೇ ನೆಲದ ನುಡಿ ಕೇಳಿ ಬೆಳೆದರು. ಶಾಲೆಗಳಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನವನ್ನು ಹೇಳಿದ 1981ರ ವರದಿ ಅವರ ಹೆಸರಿನದೇ. ಇಂಥ ಸೀಮೆಯ ಮಗುವು ನಿಬಂಧದಲ್ಲಿ 'ನಾಷ್ಟಾ ಮಾಡಿ ಶಾಲೆಗೆ ಬಂದೆನು' ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ಮಗುವು ಅದನ್ನು ಅಳಿಸಿ 'ತಿಂಡಿ' ಎಂದು ಬರೆದು, ಮನೆಗೆ ಹೋಗಿ ಅವ್ವನ ಮಾತನ್ನೂ ತಿದ್ದಲು ಹೊರಡುತ್ತದೆ. ಅವ್ವ ಅಂದಿನಿಂದ ಅತಿಥಿಗಳ ಮುಂದೆ ಮಾತು ಕಡಿಮೆ ಮಾಡುತ್ತಾಳೆ.

ಅತ್ತ ಶಾಲೆಯ ಗೇಟಿನ ಮೇಲೆ 'ಹಾರ್ಧಿಕ ಶುಭಾಷಯ'ದ ಬ್ಯಾನರು, ಯಾವ ಕೆಂಪು ಗೆರೆಯೂ ಇಲ್ಲದೆ, ಸಮಾರಂಭ ಮುಗಿಯುವವರೆಗೆ ಹಾಯಾಗಿ ತೂಗಾಡುತ್ತದೆ. ಆಮೇಲೆ ಯಾರೋ ರೈತರು ಅದನ್ನು ಬಿಚ್ಚಿಕೊಂಡು ಹೋಗಿ ಕಣದಲ್ಲಿಯ ಗೋವಿನಜೋಳದ ರಾಶಿಗೆ ಹೊದಿಸುತ್ತಾರೆ.