ಒಂದು ಮಿಲಿಮೀಟರ್ ಧೂಳಿನ ಲೆಕ್ಕ

ಹೈದರಾಬಾದಿನಲ್ಲಿರೋ ನಮ್ಮವರಿಗೆ 2025ರ ಜೂನ್ 30 ನೆನಪಿರುತ್ತೆ. ಪಾಶಮೈಲಾರಂನ ಸಿಗಾಚಿ ಕಾರ್ಖಾನೆಯ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತಯಾರಾಗ್ತಿದ್ದದ್ದು ಮದ್ದುಗುಂಡಲ್ಲ, ಮಾತ್ರೆಗಳಿಗೆ ಬೆರೆಸೋ ಸೆಲ್ಯುಲೋಸ್ ಪುಡಿ. ಸರ್ಕಾರ ರಚಿಸಿದ ತಜ್ಞರ ಸಮಿತಿಗೆ ತಾರ್ನಾಕದ ಐಐಸಿಟಿಯ ವಿಜ್ಞಾನಿಯೇ ಅಧ್ಯಕ್ಷರಾಗಿದ್ದರು.

ಪುಡಿ ಯಾಕೆ ಸಿಡಿಯುತ್ತೆ? ಸೌದೆ ನಿಧಾನವಾಗಿ ಉರಿಯುತ್ತೆ. ಅದೇ ಮರದ ಹೊಟ್ಟು ಗಾಳಿಯಲ್ಲಿ ಹರಡಿದ್ರೆ ಪ್ರತಿ ಕಣಕ್ಕೂ ಸುತ್ತಲಿಂದ ಆಮ್ಲಜನಕ ಸಿಗುತ್ತೆ, ಒಂದು ಕಿಡಿಗೆ ಭಗ್ ಅನ್ನುತ್ತೆ. ಜಾಗ ಮುಚ್ಚಿದ್ರೆ ಒತ್ತಡ ಏರಿ ಗೋಡೆಯೇ ಹಾರುತ್ತೆ.

ಇದನ್ನು ಮೊದಲೇ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗಳಿವೆ. ನಾರ್ವೆಯ ಫ್ಲಾಕ್ಸ್ ಅಂಥದ್ದು. ಕಟ್ಟಡದೊಳಗಿನ ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಕ್ಷಣಕ್ಷಣದ ಒತ್ತಡ, ತಾಪ, ಜ್ವಾಲೆಯ ವೇಗವನ್ನು ಬಿಡಿಸುತ್ತೆ. ಆದ್ರೆ ಪುಡಿಯ ಗುಣ ತಾನಾಗಿ ತಿಳಿಯಲ್ಲ. ಲ್ಯಾಬಿನಲ್ಲಿ 20 ಲೀಟರಿನ ಉಕ್ಕಿನ ಗೋಳದಲ್ಲಿ ಸಿಡಿಸಿ, ಅಳೆದು ಕೊಡಬೇಕು. ಇನ್‌ಪುಟ್ ತಪ್ಪಿದ್ರೆ ರಿಪೋರ್ಟ್ ಎಷ್ಟು ಚೆಂದ ಇದ್ರೂ ದಂಡ.

ಈಗ ಈ ಲೆಕ್ಕ ನೋಡಿ. ಕೋಣೆಯ ಎತ್ತರ 5 ಮೀಟರ್. ನೆಲದ ಮೇಲೆ 1 ಮಿಲಿಮೀಟರ್ ಧೂಳು, ಘನ ಮೀಟರಿಗೆ 500 ಕಿಲೋ ತೂಗೋದು. ಅಷ್ಟೂ ಮೇಲೆದ್ದರೆ ಗಾಳಿಯ ಪ್ರತಿ ಘನ ಮೀಟರಿನಲ್ಲಿ 100 ಗ್ರಾಂ. ಹಲವು ಸಾವಯವ ಪುಡಿಗಳಿಗೆ ಅದಕ್ಕಿಂತ ಕಡಿಮೆಯೇ ಸಾಕು! ಮೊದಲ ಸಣ್ಣ ಸ್ಫೋಟ ಆ ಧೂಳನ್ನು ಎಬ್ಬಿಸುತ್ತೆ. ಎರಡನೇದು ಇನ್ನೂ ದೊಡ್ಡದು.

ಹಾಗಾಗಿ ಕಂಪ್ಯೂಟರಿನಲ್ಲಿ ನೆಲ ಚೊಕ್ಕಟವಾಗಿದ್ರೆ ಸಾಲದು. ತೊಲೆ, ಪೈಪುಗಳ ಮೇಲಿನ ಧೂಳನ್ನು ತೆಗೆಯೋರು ಯಾರು, ಎಷ್ಟು ದಿನಕ್ಕೊಮ್ಮೆ? ಸಿಮ್ಯುಲೇಷನ್‌ಗೂ ಮೊದಲು ಕೇಳಬೇಕಾದ ಪ್ರಶ್ನೆ ಅದು.