ನೀರು ಎಲ್ಲಿಂದ ಬಂತು?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ‘ಡ್ರೈ ಫಾಲ್ಸ್’ ಎಂಬ ಜಾಗವಿದೆ. ಸುಮಾರು 120 ಮೀಟರ್ ಎತ್ತರ, ಐದು ಕಿಲೋಮೀಟರಿಗೂ ಮಿಕ್ಕ ಅಗಲದ ಕಪ್ಪುಕಲ್ಲಿನ ಪ್ರಪಾತ. ಜಲಪಾತಕ್ಕೆ ಬೇಕಾದದ್ದೆಲ್ಲ ಇದೆ, ನೀರೊಂದಿಲ್ಲ. ಸುತ್ತಲಿನ ಸೀಮೆಯಲ್ಲೂ ಮಣ್ಣು ಕೊಚ್ಚಿಹೋಗಿ ಬಸಾಲ್ಟ್ ಬಂಡೆ ಬೋಳಾಗಿದೆ. ಹೊಳೆಯೇ ಹರಿಯದ ಆಳ ಕಣಿವೆಗಳಿವೆ.

ಷಿಕಾಗೋ ವಿಶ್ವವಿದ್ಯಾಲಯದ ಭೂವಿಜ್ಞಾನಿ ಜೆ. ಹಾರ್ಲನ್ ಬ್ರೆಟ್ಜ್ ಈ ನೆಲವನ್ನು ಕಾಲ್ನಡಿಗೆಯಲ್ಲಿ ಸುತ್ತಿ, 1923ರಲ್ಲಿ ತನ್ನ ತೀರ್ಮಾನ ಪ್ರಕಟಿಸಿದ. ಇದನ್ನು ಯಾವ ನದಿಯೂ ಯುಗಯುಗಗಳ ಕಾಲ ಸವೆಸಿದ್ದಲ್ಲ, ಒಂದು ಮಹಾಪ್ರವಾಹ ಅಲ್ಪಕಾಲದಲ್ಲಿ ಕೊರೆದದ್ದು ಎಂದ.

ಭೂವಿಜ್ಞಾನಿಗಳು ಕೆರಳಿದರು. ಅದಕ್ಕೆ ಕಾರಣವೂ ಇತ್ತು. ಬೆಟ್ಟಕಣಿವೆಗಳಿಗೆಲ್ಲ ನೋಹನ ಪ್ರಳಯವನ್ನೇ ಕಾರಣ ಹೇಳುತ್ತಿದ್ದ ಕಾಲದಿಂದ ಈ ಶಾಸ್ತ್ರ ಕಷ್ಟಪಟ್ಟು ಹೊರಬಂದಿತ್ತು. ಮಳೆ, ಗಾಳಿ, ಹೊಳೆ ಇಂದು ಮಾಡುವ ಕೆಲಸವನ್ನೇ ಅಪಾರ ಕಾಲ ಮಾಡಿದರೆ ಸಾಕು, ಭೂಮಿಯ ರೂಪ ಬದಲಾಗುತ್ತದೆ ಎಂದು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಹದಿನೆಂಟನೇ ಶತಮಾನದಲ್ಲಿ ತೋರಿಸಿದ್ದ. 1830ರಿಂದ ಪ್ರಕಟವಾದ ಚಾರ್ಲ್ಸ್ ಲಯೆಲ್‌ನ ಸಂಪುಟಗಳು ಅದನ್ನು ಪಾಠವಾಗಿಸಿದವು. ಈಗ ಯಾರೋ ಬಂದು ಪ್ರಳಯವನ್ನು ಹಿಂಬಾಗಿಲಿನಿಂದ ಒಳತಂದರೆ ಸುಮ್ಮನಿರುತ್ತಾರೆಯೇ? 1927ರಲ್ಲಿ ವಾಷಿಂಗ್ಟನ್ ನಗರದ ಸಭೆಯೊಂದರಲ್ಲಿ ಬ್ರೆಟ್ಜ್‌ನ ಮೇಲೆ ಒಬ್ಬರಾದ ಮೇಲೊಬ್ಬರು ಮುಗಿಬಿದ್ದರು. ಆ ನೆಲವನ್ನು ಕಣ್ಣಾರೆ ಕಾಣದವರೂ ಅವರಲ್ಲಿದ್ದರು. ಆದರೂ ಅವರ ಒಂದು ಪ್ರಶ್ನೆ ನ್ಯಾಯವಾದದ್ದೇ: ಅಷ್ಟು ನೀರು ಎಲ್ಲಿಂದ ಬಂತು? ಬ್ರೆಟ್ಜ್‌ನ ಬಳಿ ಗಟ್ಟಿ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಇನ್ನಷ್ಟು ಪೂರ್ವಕ್ಕಿರುವ ಮೊಂಟಾನಾದಲ್ಲಿ. ಹಿಮಯುಗದಲ್ಲಿ ಕ್ಲಾರ್ಕ್ ಫೋರ್ಕ್ ನದಿಗೆ ಹಿಮದ ನಾಲಗೆಯೊಂದು ಅಡ್ಡ ನಿಂತು, ಹಿಂದೆ ಮಿಸೌಲಾ ಎಂಬ ಮಹಾಸರೋವರ ಕಟ್ಟಿಕೊಂಡಿತ್ತು. ಭೂವಿಜ್ಞಾನಿ ಜೋಸೆಫ್ ಪಾರ್ಡೀ ಅದರ ಬಗ್ಗೆ 1910ರಲ್ಲೇ ಬರೆದಿದ್ದ. ಆ ಸರೋವರದ ತಳದಲ್ಲಿ ಮರಳಿನ ಮೇಲಿನ ಅಲೆಗೆರೆಗಳಂಥವೇ, ಆದರೆ ಮನೆಯೆತ್ತರದ ಜಲ್ಲಿಯ ಏರಿಗಳಿವೆ ಎಂದು 1942ರಲ್ಲಿ ವಿವರಿಸಿದ. ಸರೋವರ ಒಮ್ಮೆಲೇ ನುಗ್ಗಿ ಖಾಲಿಯಾಗದೆ ಅಂಥವು ಮೂಡುವಂತಿಲ್ಲ. ನೀರಿನ ಮಟ್ಟ ಏರಿದಾಗ ಹಿಮದ ಅಣೆ ತೇಲಿ ಒಡೆಯುತ್ತದೆ. ಹಿಮ ನೀರಿಗಿಂತ ಹಗುರವಲ್ಲವೇ! 1979ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸೊಸೈಟಿ ಬ್ರೆಟ್ಜ್‌ಗೆ ಪೆನ್‌ರೋಸ್ ಪದಕ ಕೊಟ್ಟಾಗ ಆತನಿಗೆ ತೊಂಬತ್ತೈದು ದಾಟಿತ್ತು.

ಗೆದ್ದದ್ದು ಪ್ರಳಯವಾದ ಎಂದುಕೊಳ್ಳುವಷ್ಟರಲ್ಲಿ ಕಥೆ ಮತ್ತೆ ತಿರುಗಿತು. ಪ್ರವಾಹ ಬಿಟ್ಟುಹೋದ ಕೆಸರಿನ ಪದರಗಳನ್ನು ಓದಿದ ಭೂವಿಜ್ಞಾನಿ ರಿಚರ್ಡ್ ವೇಟ್, 1980ರ ಹೊತ್ತಿಗೆ, ಅದು ಹತ್ತಾರು ಬಾರಿ ಮರುಕಳಿಸಿದೆ ಎಂದ. ಅಣೆ ಒಡೆದ ಮೇಲೆ ಹಿಮ ಮತ್ತೆ ಮುಂದೊತ್ತಿ ನದಿಗೆ ಅಡ್ಡ ಬರುತ್ತಿತ್ತು, ಸರೋವರ ತುಂಬುತ್ತಿತ್ತು, ಕೆಲವು ದಶಕಗಳಲ್ಲಿ ಮತ್ತೆ ಒಡೆಯುತ್ತಿತ್ತು. ಎರಡು ಮಹಾಪ್ರವಾಹಗಳ ನಡುವಿನ ಅಂತರವನ್ನು ಇಂದಿನ ಸಂಶೋಧಕರು ಲೆಕ್ಕ ಹಾಕುವುದು ಸರೋವರದ ತಳದಲ್ಲಿ ವರ್ಷಕ್ಕೊಂದರಂತೆ ನಿಧಾನವಾಗಿ ಕೂತ ತೆಳು ಹೂಳಿನ ಪದರಗಳನ್ನು ಎಣಿಸಿ.