ಜಗಲಿಯ ಬೀಡಿ, ಜಗಲಿಯ ಬರಹ

ಬೀಡಿ ಕಟ್ಟುವ ಕಸುಬನ್ನು ಪುತ್ತೂರು, ಸುಳ್ಯ, ಕಡಬ ಸೀಮೆಗಳ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಕಂತ್ರಾಟುದಾರನು ಎಲೆಯನ್ನೂ ಹೊಗೆಸೊಪ್ಪನ್ನೂ ತೂಗಿ ಕೊಡುವನು; ಹೆಂಗಸರು ಜಗಲಿಯಲ್ಲಿ ಕುಳಿತು ಮೊರವನ್ನು ಮಡಿಲಲ್ಲಿಟ್ಟು ಕಟ್ಟುವರು; ಸಾವಿರಕ್ಕೆ ಇಷ್ಟೆಂದು ಮಜೂರಿ; ಬ್ರಾಂಚಿನಲ್ಲಿ ಒಳ್ಳೆಯದು ಕೆಟ್ಟದೆಂಬ ವಿಂಗಡಣೆ. ಆ ಕಸುಬು ಇಳಿಮುಖವಾಗಿರುವ ಈ ಕಾಲದಲ್ಲಿ, ಅದೇ ಪದ್ಧತಿಯ ಮತ್ತೊಂದು ಕಸುಬು ವಿದ್ಯಾವಂತರ ಮನೆಗಳನ್ನು ಹೊಕ್ಕಿರುವುದು. ಅಂತರ್ಜಾಲದ ಕಂಪೆನಿಗಳಿಗೆ ಮನೆಯಿಂದಲೇ ಲೇಖನಗಳನ್ನು ಬರೆದುಕೊಡುವ ಉದ್ಯೋಗವೇ ಅದು.

ಕೊಯಿಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಈ ಗ್ರಾಮವನ್ನು ಹೊರಗಿನವರು ಅಲ್ಲಿಯ ಜಾನುವಾರು ಕ್ಷೇತ್ರದಿಂದ ಬಲ್ಲರು. ಅಂತಹ ಗ್ರಾಮದಲ್ಲಿ ಪದವಿ ಪಡೆದ ಹೆಣ್ಣುಮಗಳು ಸಂಪಾದನೆಗಾಗಿ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಬಾಡಿಗೆಯ ಕೋಣೆಯಲ್ಲಿರಬೇಕಾಗಿತ್ತು. ಈಗ ಒಂದು ಲ್ಯಾಪ್‌ಟಾಪೂ ತಕ್ಕಮಟ್ಟಿನ ಸಂಪರ್ಕವೂ ಇದ್ದರೆ, ಅತ್ತೆಮಾವಂದಿರ ಆರೈಕೆಯನ್ನೂ ಅಡಕೆ ತೋಟದ ಉಸ್ತುವಾರಿಯನ್ನೂ ಬಿಡದೆ, ಎಲ್ಲಿಯದೋ ಕಂಪೆನಿಗೆ ಸಕ್ಕರೆ ಕಾಯಿಲೆಯ ಪಥ್ಯವನ್ನು ಕುರಿತೋ ಸಾಲದ ಬಡ್ಡಿಯನ್ನು ಕುರಿತೋ ಬರೆದು ನಾಲ್ಕು ಕಾಸು ಸಂಪಾದಿಸಬಹುದು. ಇದು ಸಣ್ಣ ಉಪಕಾರವಲ್ಲ.

ಆದರೆ ಲೆಕ್ಕವನ್ನು ನೋಡಬೇಕು. ಇಲ್ಲಿಯೂ ಮಜೂರಿ ಎಣಿಕೆಯ ಮೇಲೆಯೇ. ಪದಕ್ಕೆ 40 ಪೈಸೆಯೆಂದು ಇಟ್ಟುಕೊಂಡರೆ ಸಾವಿರ ಪದಕ್ಕೆ 400 ರೂಪಾಯಿ. ವಿಷಯವನ್ನು ಓದಿ ತಿಳಿದ ಹೊತ್ತಿಗೂ, ಸಂಪಾದಕನು ಮೂರು ಸಲ ತಿದ್ದಿಸಿದ ಹೊತ್ತಿಗೂ, ಮಳೆಗಾಲದಲ್ಲಿ ವಿದ್ಯುತ್ತು ಬರುವುದನ್ನು ಕಾದು ಕುಳಿತ ಹೊತ್ತಿಗೂ ಬೆಲೆಯಿಲ್ಲ. ಲೇಖನವು ಹಿಡಿಸಲಿಲ್ಲವೆಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದರೆ ಕೇಳುವ ನ್ಯಾಯಸ್ಥಾನವೆಲ್ಲಿ?

ಬೀಡಿಯವರಿಗೆ ಅಂತಹ ಸ್ಥಾನವೊಂದು ದೊರೆಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ದುಡಿಯುವವಳನ್ನೂ ಕಾರ್ಮಿಕಳೆಂದೇ ಗಣಿಸಿತು. ಮನಸ್ಸಿಗೆ ಬಂದಷ್ಟನ್ನು ಕೆಟ್ಟದೆಂದು ತಳ್ಳಕೂಡದೆಂಬ ನಿಯಮಗಳೂ ಆದವು. ಮಾಲಿಕರು ಇದನ್ನು ಸುಮ್ಮನೆ ಒಪ್ಪಲಿಲ್ಲ. ಮಂಗಳೂರು ಗಣೇಶ ಬೀಡಿ ವರ್ಕ್ಸ್‌ನವರೇ ಮೊದಲಾದವರು ಸುಪ್ರೀಮ್ ಕೋರ್ಟಿನವರೆಗೆ ಹೋದರು. 1974ರಲ್ಲಿ ಆ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯ ಜಗಲಿಯೂ ಕಾರ್ಖಾನೆಯ ಒಂದು ಭಾಗವೇ ಆಗಬಲ್ಲುದೆಂಬ ತತ್ತ್ವವು ನಮ್ಮ ಜಿಲ್ಲೆಯ ವ್ಯಾಜ್ಯದಿಂದಲೇ ದೃಢಪಟ್ಟಿತೆಂಬುದನ್ನು ನಮ್ಮ ಬರಹಗಾರರು ಮರೆಯಲಾಗದು.

ಬರಹಗಾರರಿಗೆ ಬೀಡಿಯವರಿಗಿಲ್ಲದ ಮತ್ತೊಂದು ನಷ್ಟವಿದೆ. ಕಟ್ಟಿದ ಬೀಡಿಗೆ ಕಟ್ಟಿದವಳ ಹೆಸರನ್ನು ಯಾರೂ ಹಾಕುವುದಿಲ್ಲ. ಬರಹಕ್ಕಾದರೋ ಹೆಸರೇ ಬಂಡವಾಳ. ಇದೇ ಪುತ್ತೂರಿನಲ್ಲಿ ಮನೆಮಾಡಿಕೊಂಡು ಶಿವರಾಮ ಕಾರಂತರು ದೀರ್ಘಕಾಲ ಲೇಖನಿಯನ್ನೇ ನೆಚ್ಚಿ ಬದುಕಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದಾಗ ಅವರು ಮಾಡಿದುದೂ ಒಂದರ್ಥದಲ್ಲಿ ಇಂದಿನವರ ಕೆಲಸವೇ, ಲೋಕದ ವಿಷಯಗಳನ್ನು ತಿಳಿಯಾಗಿ ಹೇಳುವುದೇ. ಆದರೆ ಹೊದಿಕೆಯ ಮೇಲೆ ಕಾರಂತರ ಹೆಸರಿತ್ತು. ಕಂಪೆನಿಗಾಗಿ ಐದು ವರ್ಷ ಅನಾಮಧೇಯವಾಗಿ ಬರೆದವಳು, ಆರನೆಯ ವರ್ಷ ಬೇರೆ ಕೆಲಸ ಕೇಳಹೋದಾಗ ತೋರಿಸಲು ತನ್ನದೆಂಬ ಒಂದು ಪುಟವೂ ಇರುವುದಿಲ್ಲ.

ಇಲ್ಲಿ ಕಾಯಿದೆಯು ಸಂಪೂರ್ಣ ಮೌನವಾಗಿಲ್ಲ. 1957ರ ಗ್ರಂಥಸ್ವಾಮ್ಯದ ಕಾಯಿದೆಯಂತೆ, ನೌಕರಿಯಲ್ಲಿಲ್ಲದೆ ಸ್ವತಂತ್ರವಾಗಿ ಬರೆದವರೇ ಬರಹದ ಮೊದಲ ಒಡೆಯರು. ಹಕ್ಕನ್ನು ವಹಿಸಿಕೊಡಬೇಕಾದರೆ ಸಹಿಯುಳ್ಳ ಲಿಖಿತವಿರಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆಂದೂ ಅರ್ಥ. ವಹಿಸಿಕೊಟ್ಟ ಮೇಲೂ ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಪ್ರಕರಣವು ಉಳಿಸಿದೆ. ಕಂಪೆನಿಯವರು ಕಳುಹಿಸುವ ಒಪ್ಪಂದವನ್ನು ಓದದೆ ಸಮ್ಮತಿಯ ಗುಂಡಿಯನ್ನೊತ್ತುವ ಪದವೀಧರರಿಗೂ, ಬರೆದುದನ್ನು ಓದಲಾರದೆ ಹೆಬ್ಬೆಟ್ಟೊತ್ತುತ್ತಿದ್ದ ಹಿಂದಿನ ಗೇಣಿದಾರನಿಗೂ ಏನು ಭೇದ?

ಹಣದ ಬಾಬಿನಲ್ಲಿಯೂ ಉಪಾಯವುಂಟು. ‘ಉದ್ಯಮ್’ ನೋಂದಣಿಗೆ ಸರಕಾರದ ಶುಲ್ಕವಿಲ್ಲ. ಅದನ್ನು ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ ಭಾರತದ ಕಂಪೆನಿಯು ಒಪ್ಪಂದವಿದ್ದರೂ 45 ದಿನಗಳೊಳಗೆ ಸಲ್ಲಿಸಬೇಕೆಂದು 2006ರ ಕಾಯಿದೆಯು ವಿಧಿಸಿದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ವಿದೇಶದ ಕಂಪೆನಿಯ ಮೇಲೆ ಈ ಅಸ್ತ್ರವು ನಡೆಯುವುದು ಕಷ್ಟ.

ಇನ್ನು ಯಂತ್ರದ ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಸಾಮಾನ್ಯ ವಿಷಯದ ಸಾವಿರ ಪದಗಳನ್ನು ಯಂತ್ರವೇ ನಿಮಿಷದಲ್ಲಿ ಒದಗಿಸುತ್ತಿದೆ. ಪದವನ್ನು ಎಣಿಸಿ ಮಾರುವ ಕಸುಬಿಗೆ ಇದು ನೇರವಾದ ಪೆಟ್ಟು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವ ಬಿಸಿಲು ನೋಡಿ ಹೊಡೆಯಬೇಕೆಂಬುದನ್ನು ತೋಟದಲ್ಲಿ ನಿಂತು ಬಲ್ಲವರ ಬರಹಕ್ಕೆ ಮಾತ್ರ ಇನ್ನೂ ಗಿರಾಕಿಗಳಿರಬಹುದೆಂದು ನಮಗೆ ತೋರುತ್ತದೆ.

2025ರಲ್ಲಿ ನಮ್ಮ ರಾಜ್ಯವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆ ಮಾಡಿದೆ. ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮನಿಧಿಗೆ ವಂತಿಗೆ ಪಡೆಯಲು ಅದರಲ್ಲಿ ಅವಕಾಶವಿದೆ. ಜನರು ಇದನ್ನು ಊಟ ತಲಪಿಸುವ ಹುಡುಗರ ಕಾಯಿದೆಯೆಂದೇ ತಿಳಿದಿರುವರು. ಆದರೆ ಅದರ ಅನುಸೂಚಿಯಲ್ಲಿ ಬರಹ ಮತ್ತು ಮಾಧ್ಯಮ ಸೇವೆಗಳೂ ಸೇರಿವೆ. ತಾವು ಮಧ್ಯವರ್ತಿಗಳಲ್ಲ, ಬರಹವನ್ನು ಕೊಳ್ಳುವವರು ಮಾತ್ರವೆಂದು ಕಂಪೆನಿಗಳು ಜಾರಿಕೊಳ್ಳದಂತೆ ಅಧಿಕಾರಿಗಳು ನಿಯಮಗಳನ್ನು ಸ್ಪಷ್ಟಗೊಳಿಸಬೇಕು. ನೋಂದಣಿಯ ಕ್ರಮವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ತೂಗಹಾಕಿಸಿದರೆ, ಮುಂದಿನ ಮಳೆಗಾಲಕ್ಕೆ ಮುಂಚೆಯೇ ಹಲವರ ಹೆಸರು ಪಟ್ಟಿಗೆ ಬಂದೀತು.